ಕ್ಯೂಎಮುನಲ್ಲಿ (ಇಡೀ ಕಂಪ್ಯೂಟರನ್ನೇ ಸಾಫ್ಟ್‌ವೇರಿನಲ್ಲಿ ಅನುಕರಿಸುವ ಪ್ರೋಗ್ರಾಂ) ನಾನು ಬರೆದ ಪಿಸಿಐ ಡಿವೈಸ್ 256 ಎಂಬಿ ಡಿಎಂಎ (ಡಿವೈಸ್ ತಾನೇ ಮೆಮೊರಿಯನ್ನು ಓದಿ ಬರೆಯೋದು) ಮಾಡುವಾಗ ಇಡೀ ಗೆಸ್ಟ್, ಅಂದರೆ ಒಳಗೆ ಓಡುವ ಸಿಸ್ಟಂ, ಇಪ್ಪತ್ತು ಸೆಕೆಂಡ್ ಹ್ಯಾಂಗ್ ಆಗುತ್ತೆ, ಸಾಫ್ಟ್ ಲಾಕಪ್ ಅನ್ನೋ ಸಾಲು ಬರುತ್ತೆ. ಕೋಡ್ ಅಂಟಿಸಿದ್ದೀನಿ. ಡೇಟಾ ನಕಲಿಸುವ ಮೆಮ್‌ಕಾಪಿ ಫಂಕ್ಷನ್ನನ್ನು ವೇಗ ಮಾಡೋದು ಹೇಗೆ?

ಮೆಮ್‌ಕಾಪಿಯನ್ನು ಮುಟ್ಟೋಕೇ ಹೋಗಬೇಡಿ. ಎವಿಎಕ್ಸ್-512 ಹಾಕಲಾ, ಹ್ಯೂಜ್ ಪೇಜ್ ಹಾಕಲಾ, ನಾಲ್ಕು ಥ್ರೆಡ್‌ಗೆ ಹಂಚಲಾ ಅಂತ ಕೇಳಿದ್ದೀರಿ. ಮೂರೂ ಕಾಪಿಯ ವೇಗ ಹೆಚ್ಚಿಸೋ ಉಪಾಯಗಳು, ಮೂರೂ ಬೇಡ. ಮೆಮೊರಿಯಿಂದ ಮೆಮೊರಿಗೆ 256 ಎಂಬಿ ಎತ್ತಿಡೋಕೆ ಇವತ್ತಿನ ಸಾಧಾರಣ ಸರ್ವರ್‌ಗೆ ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ನಿಮ್ಮ ಗೆಸ್ಟ್ ಇಪ್ಪತ್ತು ಸೆಕೆಂಡ್ ಉಸಿರಾಡದೆ ನಿಂತಿರೋದಕ್ಕೆ ಕಾರಣ ಬೇರೆ: ಎಲ್ಲರಿಗೂ ಬೇಕಾದ, ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಒಂದು ಲಾಕ್ ಹಿಡಿದುಕೊಂಡು ನಿಮ್ಮ ಕೋಡ್ ಕಾಪಿ ಮಾಡ್ತಾ ಕೂತಿದೆ.

ಇದೇ ಕೋಡನ್ನು ನಾನೂ ಬರೆದಿದ್ದೆ, ಹೆಚ್ಚುಕಡಿಮೆ ಸಾಲಿಗೆ ಸಾಲು. ಆಗ ಒಂದು ಚಿಪ್ ಕಂಪನಿಯಲ್ಲಿದ್ದೆ. ಸಿಲಿಕಾನ್, ಅಂದರೆ ನಿಜವಾದ ಚಿಪ್, ಕೈಗೆ ಬರೋ ಮುಂಚೆ ಡ್ರೈವರ್ ಬರೆಯುವವರಿಗೆ ಏನಾದರೂ ಒಂದು ಕಾರ್ಡ್ ಬೇಕಲ್ಲ, ಅದನ್ನು ಕ್ಯೂಎಮುನಲ್ಲಿ ಮಾಡಿಕೊಡೋದು ನನ್ನ ಕೆಲಸ. ಕಾರ್ಡ್ ಮೇಲೆ ಅದರದ್ದೇ ಮೆಮೊರಿ. ಡ್ರೈವರ್ ಡಿಸ್ಕ್ರಿಪ್ಟರ್ ರಿಂಗ್ (ಡೇಟಾ ಎಲ್ಲಿದೆ, ಎಷ್ಟಿದೆ ಅನ್ನೋ ಪಟ್ಟಿ) ತುಂಬಿ, ಕೆಲಸ ಶುರುಮಾಡು ಅಂತ ಕಾರ್ಡಿಗೆ ಹೇಳುವ ಡೋರ್‌ಬೆಲ್ ರಿಜಿಸ್ಟರ್‌ಗೆ ಬರೆಯುತ್ತೆ. ಕಾರ್ಡ್ ಗೆಸ್ಟ್ ಮೆಮೊರಿಯಿಂದ ಡೇಟಾ ಎಳೆದುಕೊಂಡು, ಮುಗಿದ ಮೇಲೆ ಇಂಟರಪ್ಟ್ (ಮುಗೀತು ಅಂತ ಸಿಪಿಯುಗೆ ಸಂಕೇತ) ಕೊಡುತ್ತೆ. ಡೋರ್‌ಬೆಲ್‌ನ ರೈಟ್ ಕಾಲ್‌ಬ್ಯಾಕ್‌ನಲ್ಲಿ (ಅದಕ್ಕೆ ಬರೆದಾಗ ಕ್ಯೂಎಮು ಕರೆಯುವ ಫಂಕ್ಷನ್) ನಾನು ಒಂದು ಲೂಪ್ ಹಾಕಿದೆ. ಡಿಸ್ಕ್ರಿಪ್ಟರ್ ಓದು, ಡೇಟಾ ಓದು, ಕಾರ್ಡ್ ಮೆಮೊರಿಗೆ ಹಾಕು, ಮುಂದಿನದಕ್ಕೆ ಹೋಗು. ಕೊನೆಯಲ್ಲಿ ಎಂಎಸ್‌ಐ, ಅಂದರೆ ಆ ಇಂಟರಪ್ಟ್. ಓದೋಕೂ ಚಂದ, ರಿವ್ಯೂನಲ್ಲೂ ಯಾರೂ ತಕರಾರು ತೆಗೆಯಲಿಲ್ಲ.

ಆ ಕಾಲ್‌ಬ್ಯಾಕ್ ಯಾವ ಥ್ರೆಡ್‌ನಲ್ಲಿ ಓಡುತ್ತೆ ಅನ್ನೋದನ್ನು ನಾನು ಯೋಚಿಸಿರಲಿಲ್ಲ. ಗೆಸ್ಟ್ ಡೋರ್‌ಬೆಲ್‌ಗೆ ಬರೆದ ಕೂಡಲೇ ಕೆವಿಎಂ (ಗೆಸ್ಟನ್ನು ನಿಜವಾದ ಸಿಪಿಯು ಮೇಲೆ ಓಡಿಸುವ ಲಿನಕ್ಸ್ ಭಾಗ) ಗೆಸ್ಟಿನಿಂದ ಹೊರಬರುತ್ತೆ, ಅದೇ ವಿಸಿಪಿಯು (ಗೆಸ್ಟಿನ ವರ್ಚುವಲ್ ಸಿಪಿಯು) ಥ್ರೆಡ್ ಕ್ಯೂಎಮುಗೆ ವಾಪಸ್ ಬಂದು ಬಿಕ್ಯೂಎಲ್ ಅನ್ನೋ ದೊಡ್ಡ ಲಾಕ್ ತಗೊಂಡು ನಿಮ್ಮ ಫಂಕ್ಷನ್ನನ್ನು ಕರೆಯುತ್ತೆ. (ಹಳೆಯ ಟ್ಯುಟೋರಿಯಲ್‌ಗಳಲ್ಲಿ ಇದಕ್ಕೆ ಐಒಥ್ರೆಡ್ ಲಾಕ್ ಅಂತಿರುತ್ತೆ. 2024ರಲ್ಲಿ ಬಂದ 9.0 ಆವೃತ್ತಿಯಲ್ಲಿ ಫಂಕ್ಷನ್ ಹೆಸರುಗಳನ್ನು ಬದಲಾಯಿಸಿದರು. ಹುಡುಕುವಾಗ ಎರಡೂ ಹೆಸರು ನೆನಪಿರಲಿ.) ನಿಮ್ಮ ಫಂಕ್ಷನ್ ಹಿಂತಿರುಗುವ ತನಕ ಆ ವಿಸಿಪಿಯು ಗೆಸ್ಟಿಗೆ ವಾಪಸ್ ಹೋಗಲ್ಲ. ಪರದೆ, ಟೈಮರ್, ಹೊರಗಿನ ಆಜ್ಞೆ ನೋಡಿಕೊಳ್ಳುವ ಕ್ಯೂಎಮುನ ಮೇನ್ ಲೂಪ್‌ಗೂ ಅದೇ ಲಾಕ್ ಬೇಕು. ಬೇರೆ ವಿಸಿಪಿಯು ಯಾವುದಾದರೂ ಎಮ್ಯುಲೇಟೆಡ್ ರಿಜಿಸ್ಟರ್ ಮುಟ್ಟಿದರೆ ಸಾಮಾನ್ಯವಾಗಿ ಅದಕ್ಕೂ ಅದೇ ಬೇಕು. ಊರಿಗೆಲ್ಲ ಒಂದೇ ಬಾವಿ, ಒಂದೇ ಹಗ್ಗ. ನಾನು ಮದುವೆ ಮನೆಗೆ ನೀರು ಸೇದುತ್ತಾ ನಿಂತಿದ್ದೆ. ಮಜಾ ಅಂದರೆ, ಬರೀ ಲೆಕ್ಕ ಮಾಡುವ ಪ್ರೋಗ್ರಾಂ ಇನ್ನೊಂದು ವಿಸಿಪಿಯುನಲ್ಲಿ ಆರಾಮಾಗಿ ಓಡ್ತಾನೇ ಇರುತ್ತೆ. ಅದು ಸೀರಿಯಲ್ ಕನ್ಸೋಲ್‌ಗೆ ಒಂದಕ್ಷರ ಪ್ರಿಂಟ್ ಮಾಡೋಕೆ ಹೋದಾಗಲೇ ಸಿಕ್ಕಿಬೀಳೋದು.

ಹಾಗಾದರೆ ಮಿಲಿಸೆಕೆಂಡಿನ ಕೆಲಸ ಸೆಕೆಂಡುಗಟ್ಟಲೆ ಯಾಕಾಯ್ತು? ನನ್ನ ವಿಷಯದಲ್ಲಿ ಕಾರ್ಡ್ ಮೆಮೊರಿ ಒಂದು ಎಂಮ್ಯಾಪ್ ಮಾಡಿದ (ಮೆಮೊರಿಯ ಹಾಗೆ ಬಳಸುವ) ಫೈಲ್, ಆ ಫೈಲ್ ಇದ್ದದ್ದು ನೆಟ್‌ವರ್ಕ್ ಆಚೆಗಿನ ಎನ್‌ಎಫ್‌ಎಸ್ ಶೇರ್ ಮೇಲೆ. ಸೋರ್ಸಿನಲ್ಲಿ ಅದು ಮೆಮ್‌ಕಾಪಿ, ನಿಜವಾಗಿ ನಡೆಯುತ್ತಿದ್ದದ್ದು ಪುಟಕ್ಕೊಂದು ಪೇಜ್ ಫಾಲ್ಟ್ (ಈ ಪುಟ ಮೆಮೊರಿಯಲ್ಲಿಲ್ಲ, ತಾ ಅನ್ನೋ ಬೇಡಿಕೆ), ಅದರ ಹಿಂದೆ ನೆಟ್‌ವರ್ಕ್. 4 ಕೆಬಿ ಪುಟದ ಲೆಕ್ಕದಲ್ಲಿ 256 ಎಂಬಿ ಅಂದರೆ 65,536 ಪುಟ. ಗೆಸ್ಟಿನ ಲಿನಕ್ಸ್ ಕರ್ನಲ್ ಡೀಫಾಲ್ಟಾಗಿ 20 ಸೆಕೆಂಡ್ ದಾಟಿದರೆ ಸಾಫ್ಟ್ ಲಾಕಪ್ (ಸಿಪಿಯು ಸಿಕ್ಕಿಹಾಕಿಕೊಂಡಿದೆ) ಅಂತ ಕೂಗುತ್ತೆ, ನೀವು ನೋಡ್ತಿರೋ ಸಾಲು ಅದೇ.

ಇನ್ನು ನನಗೆ ನಿಜವಾಗಿ ದುಬಾರಿಯಾದ ತಪ್ಪು. ನೀವೂ ಮುಂದಿನ ವಾರ ಅದನ್ನೇ ಮಾಡ್ತೀರಿ ಅನ್ನೋ ಭಯದಿಂದ ಸ್ವಲ್ಪ ಉದ್ದಕ್ಕೆ ಬರೀತೀನಿ.

ಕಾಲ್‌ಬ್ಯಾಕ್‌ನಲ್ಲಿ ಕಾಪಿ ಮಾಡಬಾರದು ಅಂತ ಗೊತ್ತಾದ ಮೇಲೆ ಆ ಲೂಪನ್ನು ಎತ್ತಿ ಬಾಟಮ್ ಹಾಫ್‌ಗೆ (ಆಮೇಲೆ ಓಡಿಸು ಅಂತ ಕ್ಯೂಎಮುಗೆ ಕೊಡುವ ಫಂಕ್ಷನ್) ಹಾಕಿದೆ. ಡೋರ್‌ಬೆಲ್ ಬಂದರೆ ಬ್ಯುಸಿ ಬಿಟ್ (ಕೆಲಸ ನಡೀತಿದೆ ಅನ್ನೋ ಗುರುತು) ಹಾಕು, ಬಾಟಮ್ ಹಾಫ್ ಶೆಡ್ಯೂಲ್ ಮಾಡು, ತಕ್ಷಣ ಹಿಂತಿರುಗು. ಸಾಫ್ಟ್ ಲಾಕಪ್ ಮೆಸೇಜ್ ನಿಂತುಹೋಯ್ತು. ಬಗ್ ಕ್ಲೋಸ್ ಮಾಡಿ ಮನೆಗೆ ಹೋದೆ. ಬಾಟಮ್ ಹಾಫ್ ಅಂದರೆ ಹಿನ್ನೆಲೆಯಲ್ಲಿ ನಡೆಯುವ ಕೆಲಸ ಅಂತ ನಾನು ತಿಳಿದಿದ್ದೆ. ಹಾಗೇನಿಲ್ಲ. ಅದು ಮೇನ್ ಲೂಪ್ ಥ್ರೆಡ್‌ನಲ್ಲಿ ಓಡುತ್ತೆ, ಅದೇ ಬಿಕ್ಯೂಎಲ್ ಹಿಡಿದುಕೊಂಡು. ನೀರು ಸೇದುವವರು ಬದಲಾದರು, ಹಗ್ಗ ಬಿಡಲಿಲ್ಲ. ದೂರದಿಂದ ನೋಡುವ ವಿಎನ್‌ಸಿ ಪರದೆ ತಡವರಿಸೋಕೆ ಶುರುವಾಯ್ತು. ಟೆಸ್ಟ್ ಸ್ಕ್ರಿಪ್ಟ್ ಕ್ಯೂಎಂಪಿಯಲ್ಲಿ (ಕ್ಯೂಎಮುಗೆ ಹೊರಗಿನಿಂದ ಆಜ್ಞೆ ಕೊಡುವ ದಾರಿ) ಸ್ಥಿತಿ ಕೇಳಿದರೆ ಉತ್ತರವಿಲ್ಲ. ವಿಎಂ (ವರ್ಚುವಲ್ ಮೆಷಿನ್) ಸತ್ತಿದೆ ಅಂದುಕೊಂಡು ಅದು ಕೊಂದೇ ಹಾಕ್ತಿತ್ತು. ಜಿಡಿಬಿ ಡೀಬಗರ್ ಅಟ್ಯಾಚ್ ಮಾಡಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ (ಯಾವುದು ಯಾವ ಫಂಕ್ಷನ್‌ನಲ್ಲಿದೆ ಅನ್ನೋ ಪಟ್ಟಿ) ತೆಗೆದಾಗ ಮೇನ್ ಥ್ರೆಡ್ ಕಾಪಿ ಮಾಡುವ ಜಿಲಿಬ್‌ಸಿಯ ಮೆಮ್‌ಮೂವ್ ಒಳಗೆ, ಉಳಿದ ಅಷ್ಟೂ ವಿಸಿಪಿಯುಗಳು ಅದೇ ಲಾಕ್‌ನ (ಮ್ಯೂಟೆಕ್ಸ್) ಕ್ಯೂನಲ್ಲಿ. ಆ ಪರದೆಯನ್ನು ನೀವೂ ಇವತ್ತೇ ಒಮ್ಮೆ ನೋಡಿ, ಮೊದಲೇ ನೋಡಿದ್ದರೆ ನಾನು ಇಷ್ಟು ಬರೆಯೋ ಅಗತ್ಯವೇ ಬೀಳ್ತಿರಲಿಲ್ಲ.

ತಡವರಿಕೆ ಆದರೂ ಕಣ್ಣಿಗೆ ಕಾಣುತ್ತೆ. ಕಾಣದ ಪೆಟ್ಟು ಬೇರೆಯೇ ಇತ್ತು. ಲಾಕ್ ಬಿಡದೆ ಪೂರ್ತಿ ಕಾಪಿ ಮುಗಿಸುವ ಡಿವೈಸ್‌ನಲ್ಲಿ ಬ್ಯುಸಿ ಬಿಟ್ 1 ಇರೋದನ್ನು ಗೆಸ್ಟ್ ನೋಡೋದೇ ಅಪರೂಪ! ಸ್ಟೇಟಸ್ ರಿಜಿಸ್ಟರ್ ಓದೋಕೆ ಬಂದ ವಿಸಿಪಿಯು ಲಾಕ್‌ಗಾಗಿ ಕಾಯುತ್ತೆ, ಕಾಪಿ ಮುಗಿದ ಮೇಲೆ ಲಾಕ್ ಸಿಗುತ್ತೆ, ಓದಿದರೆ ಬ್ಯುಸಿ 0. ನಮ್ಮ ಡ್ರೈವರ್‌ನಲ್ಲಿ ಕಾಯುವ ಲೂಪ್ ತಪ್ಪು ಬಿಟ್ ನೋಡ್ತಿತ್ತು, ಅಂದರೆ ಅದು ಕಾಯ್ತಲೇ ಇರಲಿಲ್ಲ. ನನ್ನ ಮಾಡೆಲ್ ಮೇಲೆ ಎಲ್ಲ ಟೆಸ್ಟ್ ಪಾಸ್. ನಿಜವಾದ ಬೋರ್ಡ್ ಬಂದ ದಿನ ಬಫರ್‌ನಲ್ಲಿ ಅರ್ಧ ಡೇಟಾ, ಅರ್ಧ ಹಳೇ ಕಸ. ಹಾರ್ಡ್‌ವೇರ್‌ನವರ ಮೇಲೆ ಕೂಗಾಡಿ, ಅವರಿಂದ ಲಾಜಿಕ್ ಅನಲೈಜರ್ ಹಾಕಿಸಿ, ಕೊನೆಗೆ ಬಂದು ನಿಂತದ್ದು ನನ್ನ ಮಾಡೆಲ್ ಮುಂದೆ. ಅದಕ್ಕೇ ಹೇಳೋದು, ನಿಮ್ಮ ಪ್ರಶ್ನೆ ವೇಗದ ಪ್ರಶ್ನೆಯಲ್ಲ. ನಿಜವಾದ ಕಾರ್ಡ್ ಸಮಯ ತಗೊಳ್ಳುತ್ತೆ, ಆ ಸಮಯದಲ್ಲಿ ಸಿಪಿಯು ಬೇರೆ ಕೆಲಸ ಮಾಡುತ್ತೆ. ಕ್ಯೂಎಮುನಲ್ಲೇ ಕಲಿಕೆಗೆ ಅಂತ ಇರುವ ಎಡು ಡಿವೈಸ್ ನೋಡಿ: ಅದರ ಡಿಎಂಎ ಬಫರ್ ಬರೀ 4096 ಬೈಟ್, ಆದರೂ ಬೇಕಂತಲೇ 100 ಮಿಲಿಸೆಕೆಂಡ್ ಟೈಮರ್ ಇಟ್ಟು ಆಮೇಲೆ ಕಾಪಿ ಮಾಡುತ್ತೆ. ಮೊದಲು ನೋಡಿದಾಗ ನಾನು ನಕ್ಕಿದ್ದೆ.

ಕೊನೆಗೆ ನಿಂತ ವಿನ್ಯಾಸ ಇದು. ಡೋರ್‌ಬೆಲ್ ಬಂದ ಕ್ಷಣ ಸೋರ್ಸ್, ಡೆಸ್ಟಿನೇಶನ್, ಉದ್ದ ಮೂರನ್ನೂ ಡಿವೈಸ್ ಸ್ಟೇಟ್‌ಗೆ ಬರೆದುಕೊಳ್ಳಿ, ಮಧ್ಯದಲ್ಲಿ ಗೆಸ್ಟ್ ರಿಜಿಸ್ಟರ್ ಬದಲಾಯಿಸಿದರೂ ನಿಮಗೆ ಸಂಬಂಧವಿಲ್ಲ. ಬ್ಯುಸಿ ಹಾಕಿ, ಟೈಮರ್ ಇಟ್ಟು ಹಿಂತಿರುಗಿ. ಟೈಮರ್ ಬಂದಾಗ ಒಂದು ತುಂಡು ಮಾತ್ರ ಮಾಡಿ, ಎಲ್ಲಿಗೆ ಬಂದಿರಿ ಅಂತ ಆಫ್‌ಸೆಟ್ ಬರೆದಿಟ್ಟು ಮತ್ತೆ ಟೈಮರ್ ಇಡಿ. ಕೊನೆಯ ತುಂಡಿನ ನಂತರ ಬ್ಯುಸಿ ತೆಗೆದು ಇಂಟರಪ್ಟ್ ಕೊಡಿ. ತುಂಡು 1 ಎಂಬಿ ಇಟ್ಟುಕೊಂಡರೆ, ಸೆಕೆಂಡಿಗೆ 10 ಜಿಬಿ ಕಾಪಿ ಮಾಡುವ ಯಂತ್ರದಲ್ಲಿ ಒಂದು ತುಂಡಿಗೆ ಸುಮಾರು 100 ಮೈಕ್ರೋಸೆಕೆಂಡ್. ಮಧ್ಯೆ ಅಷ್ಟೇ ಬಿಡುವು ಕೊಟ್ಟರೂ ಪೂರ್ತಿ 256 ಎಂಬಿ ಐವತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತೆ. ತುಂಡನ್ನು ಬರೀ ಬೈಟ್‌ನಲ್ಲಿ ಅಳೆಯಬೇಡಿ, ಗಡಿಯಾರವನ್ನೂ ನೋಡಿ. ಸಣ್ಣ ಸಣ್ಣ ಡಿಸ್ಕ್ರಿಪ್ಟರ್‌ಗಳ ಸಾಲು ಬಂದರೆ ಪ್ರತಿಯೊಂದಕ್ಕೂ ವಿಳಾಸ ಹುಡುಕುವ ಖರ್ಚಿದೆ, ಮೇಲೆ ಡಿವೈಸಿನ ವಿಳಾಸಗಳನ್ನು ಅನುವಾದಿಸುವ ಐಒಎಂಎಂಯು ಇದ್ದರೆ ಕೇಳೋದೇ ಬೇಡ.

ಬಾಟಮ್ ಹಾಫ್ ತನ್ನನ್ನೇ ಮತ್ತೆ ಶೆಡ್ಯೂಲ್ ಮಾಡಿಕೊಂಡರೂ ತುಂಡು ತುಂಡಾಗುತ್ತೆ, ಟೈಮರ್ ಯಾಕೆ ಅಂತ ಕೇಳಬಹುದು. ಎರಡು ಕಾರಣ. ಮ್ಯೂಟೆಕ್ಸ್‌ಗೆ ಸರದಿ ಅನ್ನೋದು ಗೊತ್ತಿಲ್ಲ. ಮೇನ್ ಲೂಪ್ ಲಾಕ್ ಬಿಟ್ಟು, ಕಾಯುತ್ತಿರುವ ವಿಸಿಪಿಯು ಏಳೋದರೊಳಗೆ ತಾನೇ ಮತ್ತೆ ಹಿಡಿದುಬಿಡಬಹುದು. ಎರಡನೆಯದು ಇದಕ್ಕಿಂತ ಮುಖ್ಯ: ವರ್ಚುವಲ್ ಕ್ಲಾಕ್ ಮೇಲಿನ ಟೈಮರ್ ವಿಎಂ ನಿಂತಾಗ ತಾನೂ ನಿಲ್ಲುತ್ತೆ, ಬಾಟಮ್ ಹಾಫ್ ನಿಲ್ಲಲ್ಲ. ಲೈವ್ ಮೈಗ್ರೇಶನ್‌ಗೆ (ವಿಎಂ ಅನ್ನು ಇನ್ನೊಂದು ಯಂತ್ರಕ್ಕೆ ಸಾಗಿಸೋದು) ವಿಎಂ ನಿಲ್ಲಿಸಿದ ಮೇಲೂ ನಿಮ್ಮ ಡಿವೈಸ್ ಗೆಸ್ಟ್ ಮೆಮೊರಿಗೆ ಬರೆಯುತ್ತಾ ಹೋದರೆ ಆ ಕಡೆ ಯಂತ್ರದಲ್ಲಿ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಟೈಮರ್, ಬರೆದುಕೊಂಡ ಸೋರ್ಸ್ ಮತ್ತು ಡೆಸ್ಟಿನೇಶನ್, ಆಫ್‌ಸೆಟ್, ಉಳಿದ ಉದ್ದ, ಬ್ಯುಸಿ ಬಿಟ್ ಇವಿಷ್ಟನ್ನೂ ವಿಎಂಸ್ಟೇಟ್‌ಗೆ (ಮೈಗ್ರೇಶನ್‌ನಲ್ಲಿ ಜೊತೆಗೆ ಹೋಗುವ ಡಿವೈಸ್ ಸ್ಥಿತಿಯ ಪಟ್ಟಿ) ಸೇರಿಸಿದರೆ ಅರ್ಧ ಮುಗಿದ ಡಿಎಂಎ ಸಹಿತ ಮೈಗ್ರೇಟ್ ಆಗುತ್ತೆ.

ಥ್ರೆಡ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ಕಾಪಿಗೆ ಅಂತ ಥ್ರೆಡ್ ಬೇಡ. ಗೆಸ್ಟ್ ರ‍್ಯಾಮ್ ಓದೋಕೆ ಬರೆಯೋಕೆ ಬಿಕ್ಯೂಎಲ್ ಬೇಕಿಲ್ಲ ಅನ್ನೋದು ನಿಜ, ಆದರೆ ಇಂಟರಪ್ಟ್ ಎಬ್ಬಿಸೋಕೆ ಬೇಕು. ಕಾಪಿ ನಡೀತಿರುವಾಗ ಗೆಸ್ಟ್ ಡಿವೈಸ್‌ಗೆ ರೀಸೆಟ್ ಕೊಟ್ಟರೆ ಥ್ರೆಡ್ ನಿಲ್ಲುವ ತನಕ ಕಾಯಬೇಕು, ಮೈಗ್ರೇಶನ್ ಶುರುವಾದರೂ ಕಾಯಬೇಕು. ಟೈಮರ್ ಆದರೆ ರೀಸೆಟ್‌ನಲ್ಲಿ ಒಂದು ಸಾಲು, ಟೈಮರ್ ಅಳಿಸು, ಮುಗೀತು. ಥ್ರೆಡ್ ಪೂಲ್ ಬೇಕಾಗೋದು ಹೋಸ್ಟ್ ಫೈಲ್ ಓದುಬರಹಕ್ಕೆ, ಅಂದರೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನಿಮಗೇ ಗೊತ್ತಿಲ್ಲದ ಕೆಲಸಕ್ಕೆ. ನಾನು ಕಾರ್ಡ್ ಮೆಮೊರಿಯನ್ನು ಮೊದಲೇ ಅಲೋಕೇಟ್ ಮಾಡಿದ ರ‍್ಯಾಮ್‌ಗೆ ತಂದು, ಫೈಲ್‌ಗೆ ಉಳಿಸೋದನ್ನು ಮಾತ್ರ ಪೂಲ್‌ಗೆ ಕೊಟ್ಟೆ. ಇದನ್ನು ಮಾಡದೆ ಬರೀ ತುಂಡು ಮಾಡಿದ್ದರೆ ಪ್ರತಿ ತುಂಡೂ ಎನ್‌ಎಫ್‌ಎಸ್‌ಗಾಗಿ ಲಾಕ್ ಹಿಡಿದು ಕಾಯ್ತಿತ್ತು.

ನೀವು ಅಂಟಿಸಿದ ಕೋಡ್‌ನಲ್ಲಿ ಇನ್ನೂ ಕೆಲವು ಕಂಡವು. ಗೆಸ್ಟ್ ಮೆಮೊರಿಗೆ ನೇರ ಪಾಯಿಂಟರ್ ಕೊಡುವ ಅಡ್ರೆಸ್ ಸ್ಪೇಸ್ ಮ್ಯಾಪ್ ಕರೆದು 256 ಎಂಬಿ ಕೇಳಿದ್ದೀರಿ, ಅದು ಎಷ್ಟು ಕೊಟ್ಟಿತು ಅಂತ ನೋಡಿಲ್ಲ. ಉದ್ದದ ಆರ್ಗ್ಯುಮೆಂಟ್ ಒಳಗೂ ಹೋಗುತ್ತೆ, ಹೊರಗೂ ಬರುತ್ತೆ. ರ‍್ಯಾಮ್ ತುಂಡಾಗಿರುವ ಕಡೆ ಕಡಿಮೆಯೇ ಕೊಡುತ್ತೆ, ಕೆಲವೊಮ್ಮೆ ನಲ್ ಕೊಡುತ್ತೆ. ಅನ್‌ಮ್ಯಾಪ್ ಮಾಡುವಾಗ ನಿಜವಾಗಿ ಬರೆದ ಉದ್ದವನ್ನೇ ಕೊಡಿ, ಸೊನ್ನೆ ಕೊಟ್ಟರೆ ಆ ಪುಟಗಳು ಡರ್ಟಿ (ಬದಲಾಗಿವೆ) ಅಂತ ಗುರುತಾಗಲ್ಲ. ಡಿಸ್ಕ್ರಿಪ್ಟರನ್ನು ಉದ್ದ ಪರೀಕ್ಷಿಸೋಕೆ ಒಮ್ಮೆ, ಬಳಸೋಕೆ ಇನ್ನೊಮ್ಮೆ ಗೆಸ್ಟ್ ಮೆಮೊರಿಯಿಂದ ಓದ್ತಿದ್ದೀರಿ; ನಡುವೆ ಗೆಸ್ಟ್ ಅದನ್ನು ತಿದ್ದಬಹುದು, ಒಂದೇ ಸಲ ಲೋಕಲ್ ಕಾಪಿ ತಗೊಳ್ಳಿ. ಹಾಗೇ ಡೆಸ್ಟಿನೇಶನ್ ವಿಳಾಸ ನಿಮ್ಮದೇ ಡಿವೈಸಿನ ರಿಜಿಸ್ಟರ್‌ಗೆ ತೋರಿಸಿದರೆ ಡಿಎಂಎ ಮಧ್ಯದಲ್ಲೇ ನಿಮ್ಮ ಡೋರ್‌ಬೆಲ್ ಮತ್ತೆ ಬಾರಿಸುತ್ತೆ. ಕ್ಯೂಎಮುನ ಎನ್‌ವಿಎಂಇ ಡಿಸ್ಕ್ ಮಾಡೆಲ್‌ನಲ್ಲೇ ಇಂಥದ್ದು ಸಿಕ್ಕಿ ಸಿವಿಇ-2021-3929 ಅನ್ನೋ ಭದ್ರತಾ ದೋಷವಾಗಿ ದಾಖಲಾಯ್ತು. ಈಚಿನ ಆವೃತ್ತಿಗಳಲ್ಲಿ ಇದಕ್ಕೆ ಕಾವಲಿದೆ, ಆದರೂ ಬ್ಯುಸಿ ಇದ್ದಾಗ ಬಂದ ಡೋರ್‌ಬೆಲ್ಲನ್ನು ನೀವೇ ತಿರಸ್ಕರಿಸಿ.

ಎಲ್ಲ ಬದಲಾಯಿಸಿದ ಮೇಲೆ ಪರೀಕ್ಷೆಗೆ ಥ್ರೂಪುಟ್ ಅಳೆಯಬೇಡಿ. ಡಿಎಂಎ ನಡೀತಿರುವಾಗ ಹೊರಗಿನಿಂದ ಕ್ಯೂಎಂಪಿಗೆ ಸ್ಥಿತಿ ಕೇಳ್ತಾ ಇರಿ, ಉತ್ತರ ಎಷ್ಟು ತಡವಾಗುತ್ತೆ ನೋಡಿ. ಗೆಸ್ಟ್ ಒಳಗೆ ಸ್ಟೇಟಸ್ ರಿಜಿಸ್ಟರ್ ಓದುತ್ತಾ ಬ್ಯುಸಿ 1 ಎಷ್ಟು ಸಲ ಕಂಡಿತು ಅಂತ ಎಣಿಸಿ. ಸೊನ್ನೆ ಬಂದರೆ ಎಲ್ಲೋ ಇನ್ನೂ ಲಾಕ್ ಹಿಡಿದಿದ್ದೀರಿ, ಆ ಜಿಡಿಬಿ ಬ್ಯಾಕ್‌ಟ್ರೇಸ್ ತೆಗೆದು ಇಲ್ಲೇ ಹಾಕಿ. ಕಾರ್ಡ್ ಮೆಮೊರಿ ಯಾವ ಫೈಲ್ ಸಿಸ್ಟಂ ಮೇಲಿದೆ ಅನ್ನೋದನ್ನೂ ಬರೆಯಿರಿ, ಪ್ರಶ್ನೆಯಲ್ಲಿ ಅದೊಂದನ್ನು ಬಿಟ್ಟಿದ್ದೀರಿ.