ಮಗುವಿನ ಮಾತಿನಲ್ಲಿ ಕಾಣುವುದು ಉಪಭಾಷೆಯೋ, ಭಾಷಾ ತೊಂದರೆಯೋ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ನೀವು ಸಹಾಯಕ ಶಿಕ್ಷಕಿಯಾಗಿರುವ, ಅಮೆರಿಕದ ಜಾರ್ಜಿಯಾ ರಾಜ್ಯದ ಶಾಲೆಯಲ್ಲಿ 5 ವರ್ಷದ ಆಫ್ರಿಕನ್ ಅಮೆರಿಕನ್ ಹುಡುಗನೊಬ್ಬ 'ಶಿ ರನ್ನಿಂಗ್', 'ಹಿ ವಾಕ್ ಫಾಸ್ಟ್', 'ಮೈ ಮಾಮಾ ಕಾರ್' ಎನ್ನುತ್ತಾನೆ (ಶಿಷ್ಟ ಇಂಗ್ಲಿಷಿನಲ್ಲಿ 'ಶಿ ಈಸ್ ರನ್ನಿಂಗ್', 'ಹಿ ವಾಕ್ಸ್ ಫಾಸ್ಟ್', 'ಮೈ ಮಾಮಾಸ್ ಕಾರ್'). ಸಹೋದ್ಯೋಗಿಗಳಲ್ಲಿ ಒಬ್ಬರು ಅವನನ್ನು ಸ್ಪೀಚ್ ಥೆರಪಿಗೆ ಕಳಿಸಬೇಕು ಎನ್ನುತ್ತಾರೆ, ಇನ್ನೊಬ್ಬರು ಅದು ಅವರ ಮನೆಯ ಮಾತು, ಬಿಟ್ಟುಬಿಡಿ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದ್ದೀರಿ. ನಾನು ಅಮೆರಿಕದ ಶಾಲೆಗಳಲ್ಲಿ ವಾಕ್ ಮತ್ತು ಭಾಷಾ ಚಿಕಿತ್ಸಕಿಯಾಗಿ ಕೆಲಸ ಮಾಡುವವಳು. ಈ ಮೂರು ವಾಕ್ಯಗಳನ್ನಷ್ಟೇ ಆಧಾರವಾಗಿಟ್ಟುಕೊಂಡರೆ ಇಬ್ಬರ ತೀರ್ಮಾನವೂ ನಿಲ್ಲುವುದಿಲ್ಲ ಎಂಬುದು ನನ್ನ ಉತ್ತರ. ಅವು ಹುಡುಗ ಯಾವ ಇಂಗ್ಲಿಷ್ ಆಡುತ್ತಾನೆಂಬುದನ್ನು ತಿಳಿಸುತ್ತವೆಯೇ ಹೊರತು, ಅದನ್ನು ಅವನು ವಯಸ್ಸಿಗೆ ತಕ್ಕಂತೆ ಕಲಿತಿದ್ದಾನೆಯೇ ಎಂಬುದನ್ನಲ್ಲ.

ಅಮೆರಿಕದ ಅನೇಕ ಕಪ್ಪು ಜನರ ಮನೆಮಾತಾದ ಆಫ್ರಿಕನ್ ಅಮೆರಿಕನ್ ಇಂಗ್ಲಿಷ್ ಎಂಬ ಉಪಭಾಷೆ ಅರ್ಧಂಬರ್ಧ ಕಲಿತ ಇಂಗ್ಲಿಷ್ ಅಲ್ಲ; ಅದಕ್ಕೆ ಅದರದೇ ವ್ಯಾಕರಣವಿದೆ. ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ 1969ರಲ್ಲಿ ತೋರಿಸಿಕೊಟ್ಟಂತೆ, ಶಿಷ್ಟ ಇಂಗ್ಲಿಷಿನಲ್ಲಿ 'ಈಸ್' ಅನ್ನು ಕುಗ್ಗಿಸಿ 'ಶೀಸ್' ಎನ್ನಲು ಎಲ್ಲಿ ಅವಕಾಶವಿದೆಯೋ ಅಲ್ಲಿ ಮಾತ್ರ ಈ ಉಪಭಾಷೆ ಅದನ್ನು ಪೂರ್ತಿಯಾಗಿ ಬಿಡಬಲ್ಲದು. 'ಐ ನೋ ವಾಟ್ ಇಟ್ ಈಸ್' ಎಂಬಲ್ಲಿ ಕೊನೆಯ 'ಈಸ್' ಕುಗ್ಗುವುದಿಲ್ಲ, ಆದ್ದರಿಂದ ಬಿದ್ದುಹೋಗುವುದೂ ಇಲ್ಲ. 'ಐ' ಜೊತೆ ಬರುವ 'ಆ್ಯಮ್', ಭೂತಕಾಲದ 'ವಾಸ್' ಸಾಮಾನ್ಯವಾಗಿ ಉಳಿದೇ ಇರುತ್ತವೆ. 'ಅವಳು ನನ್ನ ಅಕ್ಕ' ಎಂದು ಕ್ರಿಯಾಪದವಿಲ್ಲದೆ ವಾಕ್ಯ ಮುಗಿಸುವ ನಮಗಂತೂ ಇದು ವಿಚಿತ್ರವೆನಿಸಬೇಕಾಗಿಲ್ಲ. ಶಿಷ್ಟ ಇಂಗ್ಲಿಷಿನಲ್ಲಿ ಇಲ್ಲದ ಸೂಕ್ಷ್ಮಗಳೂ ಇದರಲ್ಲಿವೆ. ಸಂಶೋಧಕಿ ಜಾನಿಸ್ ಜಾಕ್ಸನ್ ಅವರು ಮಕ್ಕಳಿಗೆ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಟಿ.ವಿ. ಕಾರ್ಯಕ್ರಮದ ಬೊಂಬೆಗಳಿರುವ ಒಂದು ಚಿತ್ರ ತೋರಿಸಿದರು. ಅದರಲ್ಲಿ, ಸದಾ ಬಿಸ್ಕತ್ತು ತಿನ್ನುವುದಕ್ಕೇ ಹೆಸರಾದ ಕುಕಿ ಮಾನ್‌ಸ್ಟರ್ ಜ್ವರ ಬಂದು ಮಲಗಿದ್ದಾನೆ, ಬಿಸ್ಕತ್ತು ತಿನ್ನುತ್ತಿರುವವನು ಎಲ್ಮೊ. 'ಹೂ ಬಿ ಈಟಿಂಗ್ ಕುಕೀಸ್' ಎಂದು ಕೇಳಿದಾಗ ಈ ಉಪಭಾಷೆಯ ಮಕ್ಕಳು ಹೆಚ್ಚಾಗಿ ಕುಕಿ ಮಾನ್‌ಸ್ಟರ್‌ನನ್ನೇ ತೋರಿಸಿದರು, ಏಕೆಂದರೆ ಅಲ್ಲಿನ 'ಬಿ' ರೂಢಿಯನ್ನು ಸೂಚಿಸುತ್ತದೆ, ಈ ಗಳಿಗೆಯ ಕೆಲಸವನ್ನಲ್ಲ. ಇಂಥ ಪ್ರಶ್ನೆಗಳಿಂದಲೇ ಪರೀಕ್ಷೆ ಕಟ್ಟಿದ್ದರೆ ಹಿಂದೆ ಬೀಳುತ್ತಿದ್ದವರು ಶಿಷ್ಟ ಇಂಗ್ಲಿಷಿನ ಮಕ್ಕಳೇ.

ತೊಡಕು ಇರುವುದು ಬೇರೆ ಕಡೆ. ಸುಮಾರು ನೂರಕ್ಕೆ 7 ಮಕ್ಕಳಲ್ಲಿ, ಕಿವಿ ಮತ್ತು ಬುದ್ಧಿ ಸರಿಯಾಗಿದ್ದರೂ ಭಾಷೆ ಮಾತ್ರ ನಿಧಾನವಾಗಿ, ಕಷ್ಟದಿಂದ ಬೆಳೆಯುತ್ತದೆ. ಶಿಷ್ಟ ಇಂಗ್ಲಿಷ್ ಆಡುವ ಅಂಥ ಮಕ್ಕಳಲ್ಲಿ ಮೊದಲು ಎದ್ದು ಕಾಣುವ ಗುರುತೆಂದರೆ ಕಾಲಸೂಚಕ ರೂಪಗಳನ್ನು ಬಿಡುವುದು, ಅಂದರೆ 'ವಾಕ್ಸ್'ನ ಸಕಾರ, 'ವಾಕ್ಡ್'ನ ಡಕಾರ, 'ಈಸ್' ಇವು ಬಿದ್ದುಹೋಗುವುದು. ಆಫ್ರಿಕನ್ ಅಮೆರಿಕನ್ ಇಂಗ್ಲಿಷಿನಲ್ಲಿ ಇವೇ ರೂಪಗಳನ್ನು ಆರೋಗ್ಯವಂತ ಮಗುವೂ ನಿಯಮಬದ್ಧವಾಗಿಯೇ ಬಿಡುತ್ತದೆ. ಶಿಷ್ಟ ಇಂಗ್ಲಿಷಿನ ಮಕ್ಕಳನ್ನೇ ಅಳತೆಗೋಲಾಗಿಟ್ಟು ರಚಿಸಿದ ಪರೀಕ್ಷೆಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಕಪ್ಪು ಮಕ್ಕಳ ಪೋಷಕರು ಶಾಲಾ ಆಡಳಿತವನ್ನು ನ್ಯಾಯಾಲಯಕ್ಕೆ ಎಳೆದಾಗ, ಓದು ಕಲಿಸುವಾಗ ಶಿಕ್ಷಕರು ಮಕ್ಕಳ ಮನೆಮಾತನ್ನು ಗಣನೆಗೆ ತೆಗೆದುಕೊಳ್ಳಲೇಬೇಕೆಂದು ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ 1979ರಲ್ಲಿ ತೀರ್ಪಿತ್ತರು. ಇಂಗ್ಲಿಷಿನ ಯಾವ ಉಪಭಾಷೆಯೂ ರೋಗವಲ್ಲವೆಂದು ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 1983ರಲ್ಲಿ ಅಧಿಕೃತವಾಗಿ ಸಾರಿತು.

ಇದಕ್ಕೆ ಮಾಸಾಚುಸೆಟ್ಸ್‌ನ ಭಾಷಾ ತೊಂದರೆಗಳ ಸಂಶೋಧಕ ಹ್ಯಾರಿ ಸೀಮೋರ್ ಮತ್ತು ಸಂಗಡಿಗರು 1998ರಲ್ಲಿ ಸೂಚಿಸಿದ ದಾರಿ ಸರಳವಾಗಿತ್ತು: ಉಪಭಾಷೆಗಳು ಬೇರೆಯಾಗುವ ಅಂಶಗಳನ್ನು ಬದಿಗಿಟ್ಟು, ಎಲ್ಲ ಇಂಗ್ಲಿಷ್‌ಗಳೂ ಹಂಚಿಕೊಳ್ಳುವ ಅಂಶಗಳನ್ನು ಪರೀಕ್ಷಿಸಿ. ಸೀಮೋರ್, ಟಾಮ್ ರೋಪರ್, ಜಿಲ್ ಡಿ ವಿಲಿಯರ್ಸ್ ಸೇರಿ ರೂಪಿಸಿದ ಡೆಲ್ವ್ ಎಂಬ ಪರೀಕ್ಷೆ ಈ ವಿಚಾರದಿಂದಲೇ ಹುಟ್ಟಿತು. ಅದರ ಪ್ರಾಥಮಿಕ ತಪಾಸಣೆಯ ರೂಪ 2003ರಲ್ಲಿ, ಪೂರ್ಣ ರೂಪ 2005ರಲ್ಲಿ ಬಂತು. ಯಾರು ಯಾವುದನ್ನು ತಿಂದರು ಎಂಬ ಜೋಡಿ ಪ್ರಶ್ನೆಗೆ ಮಗು ಒಬ್ಬೊಬ್ಬರನ್ನೂ ಅವರವರ ತಿನಿಸಿಗೆ ಹೊಂದಿಸಿ ಉತ್ತರಿಸುತ್ತದೆಯೇ, ಹಿಂದೆಂದೂ ಕೇಳಿರದ ಕ್ರಿಯಾಪದದ ಅರ್ಥವನ್ನು ವಾಕ್ಯದ ರಚನೆಯಿಂದ ಊಹಿಸುತ್ತದೆಯೇ, ಚಿತ್ರಕಥೆಯನ್ನು ಕೇಳುಗನಿಗೆ ಅರ್ಥವಾಗುವಂತೆ ಹೇಳುತ್ತದೆಯೇ ಎಂಬಂಥ ಸಂಗತಿಗಳನ್ನು ಅದು ನೋಡುತ್ತದೆ.

ಇಷ್ಟಕ್ಕೇ ನಿಂತರೆ ಸಾಲದು ಎಂದವರು ಲೂಯಿಸಿಯಾನದಲ್ಲಿ ಸಂಶೋಧನೆ ನಡೆಸಿದ ಜಾನಾ ಒಯೆಟಿಂಗ್, ಮತ್ತು ನನಗೆ ಅವರ ವಾದವೇ ಹೆಚ್ಚು ಗಟ್ಟಿಯೆನಿಸುತ್ತದೆ. ಉಪಭಾಷೆಯೋ ತೊಂದರೆಯೋ ಎಂದು ಕೇಳುವುದಕ್ಕಿಂತ, ಈ ಉಪಭಾಷೆಯ ಒಳಗೆ ತೊಂದರೆಯಿದೆಯೇ ಎಂದು ಕೇಳಬೇಕೆನ್ನುತ್ತಾರೆ ಅವರು. 'ಈಸ್' ಬಿಡಬಹುದಾದ ಉಪಭಾಷೆಯಲ್ಲೂ ಮಕ್ಕಳು ಅದನ್ನು ಎಲ್ಲ ಕಡೆ ಬಿಡುವುದಿಲ್ಲ. ಭಾಷಾ ತೊಂದರೆಯಿರುವ ಮಗು ಅದೇ ಉಪಭಾಷೆಯ ಓರಗೆಯ ಮಕ್ಕಳಿಗಿಂತ ಹೆಚ್ಚು ಬಿಡುತ್ತದೆ. ಆದ್ದರಿಂದ, ಕೆಲವು ಪರೀಕ್ಷಾ ಕೈಪಿಡಿಗಳು ಸೂಚಿಸುವಂತೆ ಉಪಭಾಷೆಯ ರೂಪಗಳಿಗೆಲ್ಲ ಕಣ್ಣುಮುಚ್ಚಿ ಅಂಕ ಕೊಟ್ಟರೆ, ನ್ಯಾಯ ಮಾಡಿದಂತೆ ಕಂಡರೂ ನಿಜವಾಗಿ ತೊಂದರೆಯಿರುವ ಮಗು ಗುಂಪಿನಲ್ಲಿ ಮರೆಯಾಗಿಬಿಡುತ್ತದೆ. ತಪ್ಪು ಹಣೆಪಟ್ಟಿಯ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ, ಅದು ಬೇಕಾದದ್ದೇ. ಆದರೆ 'ಅವರ ಮಾತೇ ಹಾಗೆ' ಎಂಬ ಸೌಜನ್ಯದ ಮಾತಿನಿಂದ ವರ್ಷಗಟ್ಟಲೆ ನೆರವು ಸಿಗದೆ ಉಳಿಯುವ ಮಗುವಿನ ಬಗ್ಗೆ ಅಷ್ಟು ಮಾತನಾಡುವುದಿಲ್ಲ.

ಪರೀಕ್ಷೆ ನಡೆಸುವ ರೀತಿಯೂ ಫಲಿತಾಂಶವನ್ನು ಬದಲಿಸುತ್ತದೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ದೊಡ್ಡವರೆದುರು ತುಟಿ ಬಿಚ್ಚದಿದ್ದ 8 ವರ್ಷದ ಹುಡುಗ, ಗೆಳೆಯನನ್ನು ಜೊತೆಗೆ ಕೂರಿಸಿ, ಆಲೂಗಡ್ಡೆ ಚಿಪ್ಸ್ ಕೊಟ್ಟು, ಸಂದರ್ಶಕ ತಾನೂ ನೆಲದ ಮೇಲೆ ಕುಳಿತಾಗ ಪೈಪೋಟಿಯಿಂದ ಮಾತನಾಡಿದ ಸಂಗತಿಯನ್ನು ಲಬೋವ್ ದಾಖಲಿಸಿದ್ದಾರೆ. ಅರ್ಥವಿಲ್ಲದ ಪದಗಳನ್ನು ಕೇಳಿ ಮರಳಿ ಹೇಳಿಸುವ ಪರೀಕ್ಷೆ, ಏನನ್ನಾದರೂ ಕಲಿಸಿ ಮತ್ತೆ ಪರೀಕ್ಷಿಸುವ ಕ್ರಮ ಇವು ಮನೆಮಾತನ್ನು ಅಷ್ಟಾಗಿ ಅವಲಂಬಿಸುವುದಿಲ್ಲವಾದ್ದರಿಂದ ಪೂರಕವಾಗಿ ಉಪಯುಕ್ತ.

ನಿಮ್ಮ ಕೈಯಲ್ಲಾಗುವ ಕೆಲಸವೂ ಇದೆ. ಅವನಂತೆಯೇ ಮಾತನಾಡುವ, ಅದೇ ಬಡಾವಣೆಯ, ಅದೇ ವಯಸ್ಸಿನ ಮಕ್ಕಳ ಜೊತೆ ಅವನನ್ನು ಹೋಲಿಸಿ ನೋಡಿ. 'ಐ ಆ್ಯಮ್', 'ವಾಸ್' ಇವನ್ನೂ ಬಿಡುತ್ತಾನೆಯೇ, ಎರಡು ಹಂತದ ಸೂಚನೆ ತಿಳಿಯುತ್ತದೆಯೇ, ನಿನ್ನೆ ನಡೆದದ್ದನ್ನು ಹೇಳುವಾಗ ಯಾರು ಏನು ಮಾಡಿದರೆಂಬುದು ಕಲಸಿಹೋಗುತ್ತದೆಯೇ ಎಂದು ಗಮನಿಸಿ ಬರೆದಿಡಿ. ಅವನು ತಡವಾಗಿ ಮಾತು ಕಲಿತನೇ, ಅಣ್ಣ ತಂಗಿಯರಿಗಿಂತ ಭಿನ್ನವೆನಿಸುತ್ತಾನೆಯೇ ಎಂದು ಅವನ ತಾಯಿಯನ್ನೋ ಅಜ್ಜಿಯನ್ನೋ ಕೇಳಿ. ಆ ಉಪಭಾಷೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರು. ಅವರಿಗೂ ಅನುಮಾನವಿದ್ದರೆ ಮೌಲ್ಯಮಾಪನಕ್ಕೆ ಕಳಿಸಲು ಹಿಂಜರಿಯಬೇಡಿ, ಮತ್ತು ಕಳಿಸುವ ಚೀಟಿಯಲ್ಲಿ 'ಶಿ ರನ್ನಿಂಗ್' ಎಂಬುದನ್ನು ಕಾರಣವಾಗಿ ಬರೆಯಬೇಡಿ. ಪರೀಕ್ಷೆ ಜನಾಂಗ ಅಥವಾ ಸಂಸ್ಕೃತಿಯ ಕಾರಣಕ್ಕೆ ಭೇದ ಮಾಡುವಂತಿರಬಾರದೆಂದು ಇಲ್ಲಿನ ವಿಶೇಷ ಶಿಕ್ಷಣದ ಕಾನೂನೇ ಹೇಳುತ್ತದೆ. ಆದ್ದರಿಂದ ಯಾವ ಪರೀಕ್ಷೆ ಬಳಸುತ್ತಾರೆ, ಅಂಕಗಳನ್ನು ಯಾವ ಮಕ್ಕಳ ಜೊತೆ ಹೋಲಿಸುತ್ತಾರೆ ಎಂದು ಪರೀಕ್ಷಕರನ್ನು ಕೇಳುವ ಹಕ್ಕು ಆ ತಾಯಿಗಿದೆ ಎಂಬುದನ್ನೂ ಅವರಿಗೆ ತಿಳಿಸಿ.