ಗಾಳಿಚೀಲ ನೇರವಾದ ಮೇಲೆ

ಪ್ರಶ್ನೆ: ಕಂಟ್ರೋಲ್ ಟವರ್ ಇಲ್ಲದ ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ ಬಿಸಿನೆಸ್ ಜೆಟ್ ಇಳಿಯುವಾಗ ಯಾವ ಗಾಳಿ ಹೆಚ್ಚು ಅಪಾಯಕಾರಿ?

ಉತ್ತರ: ಅಡ್ಡಗಾಳಿಗೆ ಎಲ್ಲರೂ ಹೆದರುತ್ತಾರೆ, ರನ್‌ವೇ ಚಿಕ್ಕದಾದಷ್ಟೂ ಹಿಂಗಾಳಿಗೇ ಹೆಚ್ಚು ಹೆದರಬೇಕು. 100 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಇಳಿಯುವ ಜೆಟ್‌ಗೆ 10 ನಾಟ್ ಹಿಂಗಾಳಿ ಸೇರಿದರೆ ಅದು ನೆಲ ಮುಟ್ಟುವುದು 110ರಲ್ಲಿ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಸುಮಾರು 21% ಹೆಚ್ಚುತ್ತದೆ. ಹಲವು ಜೆಟ್‌ಗಳಿಗೆ ಹಿಂಗಾಳಿಯ ಮಿತಿಯೇ 10 ನಾಟ್.

ಅಡ್ಡಗಾಳಿಯ ಲೆಕ್ಕ ಸುಲಭ: 20 ನಾಟ್ ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಿದ್ದರೆ ಅದರಲ್ಲಿ ಅಡ್ಡ ಬೀಸುವ ಪಾಲು 10 ನಾಟ್, 60 ಡಿಗ್ರಿಯಿದ್ದರೆ 17. ಗಾಳಿಯ ದಿಕ್ಕು, ವೇಗ ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಗಾಳಿಚೀಲ (ವಿಂಡ್‌ಸಾಕ್) ಅಮೆರಿಕದ ಮಾದರಿಯದಾದರೆ 15 ನಾಟ್‌ಗೇ ಪೂರ್ತಿ ನೇರವಾಗುತ್ತದೆ. ಆಮೇಲೆ 18 ನಾಟೋ 30 ನಾಟೋ ಅದು ಹೇಳದು. ಹ್ಯಾಂಗರ್, ಮರಸಾಲಿನ ಮರೆಯಲ್ಲಿ ಸುಳಿಗಾಳಿಯೆದ್ದು, ನೆಲ ಮುಟ್ಟುವ ಹೊತ್ತಿಗೇ ಒಂದು ರೆಕ್ಕೆ ಕುಸಿಯಬಹುದು. ರನ್‌ವೇಯ ಎರಡು ತುದಿಗಳ ಗಾಳಿಚೀಲಗಳು ಬೇರೆ ಬೇರೆ ದಿಕ್ಕು ತೋರಿಸಿದರೆ ಇಳಿಯಬೇಡಿ, ಮೇಲೇರಿ.