ಕಡಲ ಬದಿಯ ನಮ್ಮ ಬೀದಿಯಲ್ಲಿ ಬಹುಮಹಡಿ ಕಟ್ಟಡ ಬರುತ್ತಿದೆ. ಅಂತಸ್ತು ಕಡಿಮೆ ಮಾಡಿಸುವುದು ಹೇಗೆ?

ಸುರತ್ಕಲ್ ಕಡೆಯ ನಿಮ್ಮ ಬೀದಿಯ ತುದಿಯಲ್ಲಿ ಮಳೆಗಾಲ ಮುಗಿದ ಮೇಲೆ 18 ಅಂತಸ್ತಿನ ಕಟ್ಟಡದ ಕೆಲಸ ಶುರುವಾಗಲಿದೆ, ಅದನ್ನು ಐದಕ್ಕೆ ಇಳಿಸಲು ಸಹಿ ಸಂಗ್ರಹಿಸಬೇಕೇ ಅಥವಾ ನ್ಯಾಯಾಲಯಕ್ಕೆ ಹೋಗಬೇಕೇ ಎಂದು ಕೇಳಿದ್ದೀರಿ. ನಮ್ಮ ಬೀದಿಗೂ ಅಂಥದೇ ಕಟ್ಟಡ ಬರಲಿದ್ದಾಗ, 2013ರಲ್ಲಿ, ಹೊಸಬೆಟ್ಟಿನ ನಮ್ಮ ಮನೆಯ ಜಗಲಿಯಲ್ಲಿ ಸುಮಾರು ಇಪ್ಪತ್ತು ಮನೆಗಳವರು ಸೇರಿ ಇದನ್ನೇ ಚರ್ಚಿಸಿದ್ದೆವು. ಕಡಲಗಾಳಿ ನಿಂತುಹೋಗುತ್ತದೆ, ಸಂಜೆಯ ಬಿಸಿಲು ಅಂಗಳಕ್ಕೆ ಬೀಳುವುದಿಲ್ಲ, ಬಾಲ್ಕನಿಯಲ್ಲಿ ನಿಂತವರಿಗೆ ನಮ್ಮ ಹಿತ್ತಿಲೆಲ್ಲ ಕಾಣುತ್ತದೆ ಎಂದು ಒಬ್ಬೊಬ್ಬರೂ ಹೇಳಿದರು. ನೀರಿನ ಬಗ್ಗೆ ಮಾತೆತ್ತಿದವರು ಪಕ್ಕದ ಮನೆಯ ದೊಡ್ಡಪ್ಪ ಒಬ್ಬರೇ. ಹರೆಯದಲ್ಲಿ ಕೈರಂಪಣಿ ಬಲೆ ಎಳೆದವರು ಅವರು. ಮರಳಿನಿಂದ ಸಿಹಿನೀರನ್ನು ಎಳೆದು ತೆಗೆದರೆ ಆ ಜಾಗಕ್ಕೆ ಕಡಲು ಬಂದು ಕೂರುತ್ತದೆ ಎಂದು ತುಳುವಿನಲ್ಲಿ ಒಂದೇ ಮಾತು ಹೇಳಿದರು. ಮನವಿಯ ಕರಡು ಬರೆಯುತ್ತಿದ್ದವನು ನಾನು. ಅವರ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ಮನವಿಯ ಎರಡೂ ಪುಟ ಎತ್ತರದ ಬಗ್ಗೆಯೇ ಇತ್ತು. ಕಟ್ಟಡಕ್ಕೆ ಅನುಮತಿ ಕೊಡುವ ಕಚೇರಿಯಿಂದ ಬಂದ ಉತ್ತರ ಮೂರು ಸಾಲಿನದು: ರಸ್ತೆಯ ಅಗಲ, ನಿವೇಶನದ ವಿಸ್ತೀರ್ಣ ಮತ್ತು ವಲಯಕ್ಕೆ ಅನ್ವಯಿಸುವ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ) ಲೆಕ್ಕದೊಳಗೇ ಕಟ್ಟಡವಿದೆ, ಆದ್ದರಿಂದ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ಕಾನೂನಿನ ಪ್ರಕಾರ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾವು ಕೇಳಿದ್ದೇ ಅಷ್ಟು.

ನವೆಂಬರಿನಲ್ಲಿ ಅಗೆತ ಆರಂಭವಾಯಿತು. ಕಾರುಗಳನ್ನು ನಿಲ್ಲಿಸುವುದಕ್ಕೆ ನೆಲದಡಿಯಲ್ಲಿ ಎರಡು ಅಂತಸ್ತು ಬೇಕಿತ್ತು. ನಮ್ಮಲ್ಲಿ ಹತ್ತು ಹನ್ನೆರಡು ಅಡಿ ತೋಡಿದರೆ ನೀರು ಸಿಗುತ್ತದೆ, ಹಾಗಾಗಿ ಆ ಗುಂಡಿಯನ್ನು ಒಣಗಿಸಿಡಲು ಹಗಲು ರಾತ್ರಿ ಪಂಪು ಓಡಲೇಬೇಕಾಗಿತ್ತು. ಎತ್ತಿದ ನೀರನ್ನು ದಪ್ಪ ಪೈಪಿನಲ್ಲಿ ಪಕ್ಕದ ತೋಡಿಗೆ, ಅಂದರೆ ಮಳೆನೀರು ಹರಿಯುವ ಸಣ್ಣ ಹಳ್ಳಕ್ಕೆ, ಬಿಡುತ್ತಿದ್ದರು. ಡಿಸೆಂಬರ್ ಜನವರಿಯಲ್ಲಿ ಒಣಗಿ ಬಿರುಕು ಬಿಡಬೇಕಿದ್ದ ತೋಡು ಆ ವರ್ಷ ಜುಲೈ ತಿಂಗಳಿನಂತೆ ಹರಿಯಿತು. ಬೀದಿಯ ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಟ್ಟರು. ಹರಿದುಹೋಗುತ್ತಿರುವುದು ನಮ್ಮ ಬಾವಿಗಳ ನೀರು ಎಂಬುದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಮಾರ್ಚಿನ ಒಂದು ರಾತ್ರಿ, ಊಟದ ಹೊತ್ತಿಗೆ. ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಬೇಯಿಸುವ ಕ್ರಮವಿಲ್ಲ, ಬೇಕಾದವರು ಬಟ್ಟಲಿಗೆ ಹಾಕಿಕೊಳ್ಳುತ್ತಾರೆ. ಅಮ್ಮ ಒಂದು ಚಮಚ ಬಾಯಿಗಿಟ್ಟು ಗಂಜಿಗೆ ಉಪ್ಪು ಹಾಕಿದ್ದು ಯಾರೆಂದು ಕೇಳಿದರು. ಯಾರೂ ಹಾಕಿರಲಿಲ್ಲ. ಪಣಂಬೂರಿನ ಬಂದರಿನ ಕೆಲಸ ನಡೆಯುತ್ತಿದ್ದ ಕಾಲದಲ್ಲಿ ಅಜ್ಜ ತೋಡಿಸಿದ ಬಾವಿ ಅದು, ಕಡಲಿನಿಂದ ಸುಮಾರು 300 ಮೀಟರ್ ದೂರದಲ್ಲಿದೆ. ಅಷ್ಟು ವರ್ಷಗಳಲ್ಲಿ ಏಪ್ರಿಲ್ ಮೇಯಲ್ಲಿ ಅದರ ನೀರು ಇಳಿದದ್ದುಂಟು, ರುಚಿ ಕೆಟ್ಟದ್ದಿರಲಿಲ್ಲ.

ನಮಗೆ ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇಲ್ಲಿದೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮಗೆ ಇನ್ನೂ ಸಮಯವಿದೆ. ನೀರು ಉಪ್ಪಾದ ಮೇಲೆ ನಾವು ಪರೀಕ್ಷೆ ಮಾಡಿಸಿದೆವು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಲೋರೈಡ್ ಅಂಶಕ್ಕೆ ಲೀಟರಿಗೆ 250 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ನಮ್ಮ ಬಾವಿ ಅದನ್ನೂ ದಾಟಿತ್ತು. ವರದಿ ಹಿಡಿದು ಕಚೇರಿಗೆ ಹೋದಾಗ ಅಲ್ಲಿದ್ದ ಅಧಿಕಾರಿ ಅದನ್ನು ಗಮನವಿಟ್ಟು ಓದಿ ಒಂದೇ ಪ್ರಶ್ನೆ ಕೇಳಿದರು: ಅಗೆಯುವುದಕ್ಕೆ ಮೊದಲಿನ ವರದಿ ಎಲ್ಲಿದೆ? ನಲವತ್ತು ವರ್ಷ ಇದೇ ನೀರು ಕುಡಿದಿದ್ದೇವೆ ಎಂದೆ. ಕಡಲ ಬದಿಯ ಬಾವಿ ಉಪ್ಪಾಗುವುದಕ್ಕೆ ಹತ್ತು ಕಾರಣಗಳಿರಬಹುದು, ಈ ಪಂಪೇ ಕಾರಣವೆಂದು ಯಾವ ಆಧಾರದ ಮೇಲೆ ಬರೆಯಲಿ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಬಾವಿಯಿಂದ ಒಂದು ಬಾಟಲಿ ನೀರನ್ನು ಅಕ್ಟೋಬರಿನಲ್ಲಿ ಪ್ರಯೋಗಾಲಯಕ್ಕೆ ಕೊಟ್ಟಿದ್ದರೆ ಕೆಲವು ನೂರು ರೂಪಾಯಿ ಖರ್ಚಾಗುತ್ತಿತ್ತು. ಆ ಒಂದು ಹಾಳೆ ಇಲ್ಲದ್ದರಿಂದ ಮುಂದಿನ ಪ್ರತಿಯೊಂದು ಮೇಜಿನ ಮುಂದೆಯೂ ನಾವು ಬರಿಗೈಯಲ್ಲಿ ನಿಂತೆವು. ಎರಡನೆಯ ವರದಿ ಎಷ್ಟೇ ಕೆಟ್ಟದಾಗಿರಲಿ, ಮೊದಲನೆಯದು ಇಲ್ಲದಿದ್ದರೆ ಅದರಿಂದ ನಿಮ್ಮ ನೀರು ಉಪ್ಪಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಯಾವಾಗ ಉಪ್ಪಾಯಿತು ಎಂದು ಗೊತ್ತಾಗುವುದಿಲ್ಲ.

ದೊಡ್ಡಪ್ಪನವರ ಮಾತಿನ ಹಿಂದಿನ ವಿಜ್ಞಾನವನ್ನು ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಮರಳಿನಲ್ಲಿ ಇಂಗಿದ ಆ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ, ನೆಲದಡಿಯಲ್ಲಿ ಒಳಗೆ ಚಾಚಿರುವ ಕಡಲ ನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ ಎಂಬುದು ಭೂಜಲ ಶಾಸ್ತ್ರದ ಹಳೆಯ ಲೆಕ್ಕ. ಲೆಕ್ಕವನ್ನು ತಿರುಗಿಸಿ ನೋಡಿ: ತಿಂಗಳುಗಟ್ಟಲೆ ಪಂಪು ಓಡಿಸಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು 40 ಅಡಿಯಷ್ಟು ಮೇಲೇರಬಲ್ಲದು. ಕಟ್ಟಡ ಮುಗಿದರೂ ನೆಲಮಾಳಿಗೆಗೆ ಒಸರುವ ನೀರನ್ನು ಎತ್ತುತ್ತಲೇ ಇರುತ್ತಾರೆ, ಆದ್ದರಿಂದ ಬಾವಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ನಮ್ಮದು ಮಳೆಗಾಲದಲ್ಲಿ ಸಿಹಿಯಾಗುತ್ತದೆ, ಫೆಬ್ರವರಿಯ ಹೊತ್ತಿಗೆ ಮತ್ತೆ ಬಾಯಿಗಿಡಲಾಗುವುದಿಲ್ಲ. ನೇತ್ರಾವತಿ ಬತ್ತಿ ತುಂಬೆಯ ಅಣೆಕಟ್ಟಿನಿಂದ ಬರುವ ನೀರನ್ನು ಮಿತವಾಗಿ ಹಂಚಿದ 2016ರ ಬೇಸಗೆಯಲ್ಲಿ ಪೇಟೆಯ ಬಾವಿ ಇದ್ದ ಮನೆಗಳು ಹೇಗೋ ಸುಧಾರಿಸಿಕೊಂಡವು. ನಾವು ಬಾವಿಯಿದ್ದೂ ಟ್ಯಾಂಕರಿಗಾಗಿ ಬೀದಿಯಲ್ಲಿ ಕೊಡಪಾನ ಸಾಲಿಟ್ಟು ಕಾದೆವು.

ಇನ್ನೂ ನೋಯಿಸುವ ಸಂಗತಿ ಒಂದಿದೆ. ಆಗ ಜಾರಿಯಲ್ಲಿದ್ದ 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅಂದರೆ ನಾವೆಲ್ಲ ಸಿಆರ್‌ಝಡ್ ಎನ್ನುವುದು, ಭರತರೇಖೆಯಿಂದ, ಅಂದರೆ ಉಬ್ಬರದಲ್ಲಿ ಕಡಲು ಬಂದು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಸ್ಥಳೀಯರ ಸ್ವಂತ ಬಳಕೆಗಲ್ಲದೆ ಅಂತರ್ಜಲ ತೆಗೆಯುವುದನ್ನು ನಿಷೇಧಿಸಿತ್ತು. 200ರಿಂದ 500 ಮೀಟರ್ ನಡುವೆ ಬೇರೆ ಮೂಲವಿಲ್ಲದಿದ್ದಾಗ ಮಾತ್ರ, ಕುಡಿಯಲು ಮತ್ತು ಬೇಸಾಯ, ಮೀನುಗಾರಿಕೆಯಂಥ ಕೆಲಸಗಳಿಗೆ, ಸಾಮಾನ್ಯ ಬಾವಿಯಿಂದ ಕೈಯಲ್ಲಿ ಸೇದಿಕೊಳ್ಳಲು ಅವಕಾಶವಿತ್ತು. ಆ ಸಾಲನ್ನು ಎದುರಿಗಿಟ್ಟು ಪಂಪಿನ ಬಗ್ಗೆ ಕೇಳಬಹುದಾಗಿತ್ತು. ನಾವು ಕೇಳಿದ್ದು ಗಾಳಿಯ ಬಗ್ಗೆ. ಈಗ 2019ರ ಅಧಿಸೂಚನೆ ಬಂದಿದೆ, ನಿಮ್ಮ ಸರ್ವೆ ನಂಬರು ಅದರ ಯಾವ ವರ್ಗದಲ್ಲಿದೆ ಎಂಬುದನ್ನು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಮೊದಲು ನೋಡಿ. ಸಿಆರ್‌ಝಡ್‌-2, ಅಂದರೆ ಕಡಲ ಬದಿಯಲ್ಲಿ ಈಗಾಗಲೇ ಬೆಳೆದ ನಗರ ಪ್ರದೇಶ, ಆಗಿದ್ದರೆ, ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿನ ಕಡಲ ಬದಿಗೆ ಹೊಸದಾಗಿ ಕಟ್ಟುವಂತಿಲ್ಲ.

ಹಾಗಾಗಿ 18ನ್ನು ಐದಕ್ಕೆ ಇಳಿಸಬೇಕೆಂಬ ನಿಮ್ಮ ಬೇಡಿಕೆಯನ್ನೇ ನಾನು ಒಪ್ಪುವುದಿಲ್ಲ. ನೆಲದಡಿ ಎರಡು ಅಂತಸ್ತು ಅಗೆದು ಮೇಲೆ ಐದು ಕಟ್ಟಿದರೆ ಬಾವಿಗಳು ಹೇಗೂ ಹೋಗುತ್ತವೆ. ನೆಲಮಟ್ಟದಲ್ಲೇ ಕಂಬಗಳ ನಡುವೆ ಕಾರು ನಿಲ್ಲಿಸಿ ಮೇಲೆ 18 ಕಟ್ಟಿದರೆ ನಿಮ್ಮ ನೀರಿಗೆ ಅಷ್ಟು ಅಪಾಯವಿಲ್ಲ. ನೆಲಮಾಳಿಗೆ ಬೇಡ ಎಂದು ಕೇಳಿ. ಅಷ್ಟು ಮನೆಗಳಿಗೆ ನೀರು ಎಲ್ಲಿಂದ ಬರುತ್ತದೆ, ಕೊಳವೆಬಾವಿ ಎಷ್ಟಿವೆ, ಕೊಳಚೆ ಶುದ್ಧೀಕರಿಸಿದ ನೀರು ಯಾವ ತೋಡಿಗೆ ಹೋಗುತ್ತದೆ, ಆ ತೋಡಿನ ಅಗಲ ಸರ್ವೆ ನಕ್ಷೆಯಲ್ಲಿ ಇರುವಷ್ಟೇ ಸ್ಥಳದಲ್ಲೂ ಇದೆಯೇ, ದೋಣಿ ಎಳೆದಿಡುವ ಜಾಗಕ್ಕೂ ಕಡಲಿಗೂ ಹೋಗುವ ದಾರಿ ಉಳಿಯುತ್ತದೆಯೇ ಎಂದು ಕೇಳಿ. ಫ್ಲ್ಯಾಟಿಗೆ ಬರುವವರನ್ನು ಹೊರಗಿನವರೆಂದು ದೂರಬೇಡಿ. ನಮ್ಮ ಬೀದಿಯ ಕಟ್ಟಡದಲ್ಲಿ ಗಲ್ಫಿನಿಂದ ಮರಳಿದ ನಮ್ಮೂರಿನವರೇ ಅನೇಕರಿದ್ದಾರೆ, ಟ್ಯಾಂಕರಿಗೆ ಅವರೂ ಕಾಯುತ್ತಾರೆ.

ನ್ಯಾಯಾಲಯದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಾಣವಿದ್ದರೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಆ ಅನುಮತಿಯ ವಿರುದ್ಧ ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಅಷ್ಟೇ. ಸಹಿ ಸಂಗ್ರಹಕ್ಕೆ ಮೂರು ತಿಂಗಳು ಕಳೆದರೆ ಆ ಬಾಗಿಲು ಮುಚ್ಚುತ್ತದೆ. ಮಂಜೂರಾದ ನಕ್ಷೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಜಾಲತಾಣದಲ್ಲಿ ಸಿಗುತ್ತದೆ, ಉಳಿದ ಕಡತಕ್ಕೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಸಾಕು. ಕಟ್ಟಿದ ಮೇಲೆ ಕೆಡವಿಸಬಹುದು ಎಂಬ ಧೈರ್ಯ ಬೇಡ. ಕೊಚ್ಚಿಯ ಮರಡುವಿನಲ್ಲಿ ಸಿಆರ್‌ಝಡ್ ಉಲ್ಲಂಘಿಸಿದ ನಾಲ್ಕು ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಉರುಳಿಸಿದರು. ಆದರೆ ಅಲ್ಲಿ ಮನೆ ಕಳೆದುಕೊಂಡವರು ಕಟ್ಟಿದವರಲ್ಲ, ಹಣ ಕೊಟ್ಟು ಕೊಂಡವರು.

ಈ ವಾರವೇ ನಿಮ್ಮ ಬೀದಿಯ ನಾಲ್ಕೈದು ಬಾವಿಗಳನ್ನು ಆರಿಸಿಕೊಳ್ಳಿ, ನಿವೇಶನಕ್ಕೆ ಹತ್ತಿರದ್ದು ಒಂದು, ದೂರದ್ದು ಒಂದು ಇರಲಿ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಬಾವಿಕಟ್ಟೆಯಿಂದ ನೀರು ಎಷ್ಟು ಅಡಿ ಕೆಳಗಿದೆ ಎಂದು ತಾರೀಕಿನೊಂದಿಗೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಹೊಸ ಬಾಟಲಿಯನ್ನು ಅದೇ ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು ಬಾಯಿಯವರೆಗೆ ತುಂಬಿಸಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಅದೇ ದಿನ ಕೊಟ್ಟು ರಶೀದಿ ಪಡೆಯಿರಿ. ಈಗಿನ ವರದಿಯಲ್ಲಿ ಮಳೆನೀರಿನ ಪ್ರಭಾವವಿದೆ ಎಂದು ನಾಳೆ ವಾದಿಸುತ್ತಾರೆ, ಆದ್ದರಿಂದ ಮಳೆ ನಿಂತ ಮೇಲೆ, ಅವರ ಮೊದಲ ಪಂಪು ಇಳಿಯುವ ಮುನ್ನ, ಇನ್ನೊಂದು ಬಾಟಲಿ ಕಳುಹಿಸಿ.